ನಿವೃತ್ತಿ ತ್ಯಾಗವಾಗುವುದು ಯಾವಾಗ?

ಸರ್ಕಾರಿ ನೌಕರನಿಗೆ 60 ತುಂಬಿದ ತಿಂಗಳ ಕೊನೆಯ ದಿನ ಸೇವೆ ಮುಗಿಯುತ್ತದೆ. ಕೊಳ್ಳೇಗಾಲದ ವರ್ತಕನಿಗಾಗಲಿ, ರೇಷ್ಮೆ ಮಗ್ಗದ ನೇಕಾರನಿಗಾಗಲಿ ಅಂಥದೊಂದು ದಿನ ಗೊತ್ತಾಗಿಲ್ಲ. ಹಾರ ಹಾಕಿಸಿಕೊಂಡು ಮನೆಗೆ ಬಂದ ಶಿಕ್ಷಕನ ಕಿವಿ ಮರುದಿನವೂ ಶಾಲೆಯ ಗಂಟೆಯನ್ನು ಅರಸುತ್ತದೆ. ಪಿಂಚಣಿ ಬರುತ್ತದೆ, ‘ಮೇಷ್ಟ್ರೇ’ ಎಂದು ಕೇಳಿಕೊಂಡು ಬರುವವರು ಕಡಿಮೆಯಾಗುತ್ತಾರೆ. ನಿವೃತ್ತರನ್ನು ಕಾಡುವ ಸಂಕಟ ಇದೇ.

ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಗೃಹಸ್ಥನು ಏರಬೇಕಾದ 11 ಮೆಟ್ಟಿಲುಗಳನ್ನು, ಅಂದರೆ ಪ್ರತಿಮೆಗಳನ್ನು, ನಿರೂಪಿಸಿದ್ದಾರೆ. ಎಂಟನೆಯದಾದ ಆರಂಭತ್ಯಾಗದಲ್ಲಿ ಸೇವೆ, ಕೃಷಿ, ವಾಣಿಜ್ಯಗಳಿಂದ ವಿರಮಿಸಬೇಕು. ಒಂಬತ್ತನೆಯದು ಪರಿಗ್ರಹತ್ಯಾಗ. ಹತ್ತನೆಯದು ಅನುಮತಿತ್ಯಾಗ, ಇಲ್ಲಿ ಲೌಕಿಕ ವ್ಯವಹಾರಗಳಿಗೆ ಸಮ್ಮತಿ ನೀಡುವುದನ್ನೂ ಬಿಡಬೇಕು. ಉದ್ಯೋಗ, ಆಸ್ತಿಗಳಿಗಿಂತ ‘ನನ್ನನ್ನು ಕೇಳಬೇಕು’ ಎಂಬ ಹಂಬಲವನ್ನು ಬಿಡುವುದೇ ಕಷ್ಟವೆಂದು ಈ ಕ್ರಮ ಸೂಚಿಸುವಂತಿದೆ.

ಪ್ರತಿಮೆ ಸ್ವೇಚ್ಛೆಯಿಂದ ಕೈಗೊಳ್ಳುವ ವ್ರತ. ನಿವೃತ್ತಿ ಆದೇಶದಿಂದ ಬರುವಂಥದು. ಕೈತಪ್ಪಿ ಹೋದದ್ದು ತ್ಯಾಗವೆನಿಸದು. ಮನಸಾರೆ ಬಿಟ್ಟುಕೊಟ್ಟಾಗಲೇ ಅದು ತ್ಯಾಗ.

ಹಾಗೆ ತೆರವಾದ ಜಾಗವನ್ನು ತುಂಬಲು ಸ್ವಾಧ್ಯಾಯವೆಂಬ ಅಂತರಂಗ ತಪಸ್ಸಿದೆ. ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ ಎಂಬ ಐದು ಅದರ ಅಂಗಗಳು. ಇಷ್ಟು ಕಾಲ ಉತ್ತರ ಹೇಳುತ್ತಿದ್ದವರಿಗೆ ಈಗ ಪ್ರಶ್ನೆ ಕೇಳುವ ಪೃಚ್ಛನೆಗೂ, ತಿಳಿದುದನ್ನು ಮನನ ಮಾಡುವ ಅನುಪ್ರೇಕ್ಷೆಗೂ ಬಿಡುವು ದೊರೆತಿದೆ. ನಮ್ಮ ಜಿಲ್ಲೆಯ ಕನಕಗಿರಿಯು ಪೂಜ್ಯಪಾದರ ನೆನಪನ್ನು ಉಳಿಸಿಕೊಂಡ ಕ್ಷೇತ್ರ. ಅವರ ‘ಸರ್ವಾರ್ಥಸಿದ್ಧಿ’ ತತ್ತ್ವಾರ್ಥಸೂತ್ರದ ವ್ಯಾಖ್ಯಾನ. ದಿಗಂಬರ ಪಾಠದಂತೆ ಆ ಗ್ರಂಥದ ಸೂತ್ರಗಳು 357. ದಿನಕ್ಕೊಂದರಂತೆ ಓದಿದರೆ, ನಿವೃತ್ತಿಯ ಮೊದಲ ವರ್ಷಕ್ಕೆ ಸಾಲುವಷ್ಟು ಪಾಠ ಅದರಲ್ಲಿದೆ. ಈ ತರಗತಿಯಲ್ಲಿ ನಾವು ವಿದ್ಯಾರ್ಥಿಗಳು.