ನವಿಲಿಗೆ ಚೆಲ್ಲಿದ ಕಾಳು

ಶೇಡಬಾಳವೆಂದೊಡನೆ ದಿಗಂಬರ ಮುನಿಗಳ ಕೈಯ ನವಿಲುಗರಿಯ ಪಿಂಛಿ ನೆನಪಾಗುತ್ತದೆ. ಮುನಿ ವಿದ್ಯಾನಂದರು 1925ರಲ್ಲಿ ಜನಿಸಿದ ಊರು ಅದು. ಪಿಂಛಿಗೆ ಸಲ್ಲುವುದು ನವಿಲು ತಾನಾಗಿ ಉದುರಿಸಿದ ಗರಿ ಮಾತ್ರ. ಇಂಥ ನೆಲದಲ್ಲಿ ಹಕ್ಕಿಗೆ ಕಾಳು ಚೆಲ್ಲುವುದು ಪುಣ್ಯವೇ ಸರಿ. ಆದರೆ ಬೇಟೆಗಾರನೂ ಮೊದಲು ಚೆಲ್ಲುವುದು ಕಾಳನ್ನೇ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ‘ಬೇಟೆ’ ಎಂಬ ಮಾತಿಗೆ ವಿಶಾಲವಾದ ಅರ್ಥ ಕೊಟ್ಟಿದೆ. ಕೊಲ್ಲುವುದಷ್ಟೇ ಅಲ್ಲ, ವಿಷವಿಕ್ಕುವುದು, ಉರುಳೊಡ್ಡುವುದು, ಆಮಿಷ ತೋರಿ ಸೆಳೆಯುವುದು, ಇವುಗಳ ಯತ್ನ ಕೂಡ ಬೇಟೆಯೇ. ಬೆಳೆ ಕಾಯುವ ನೆಪದಲ್ಲಿ ಹೊಲದಂಚಿಗೆ ಎರಚಿದ ವಿಷದ ಕಾಳೂ ಇದರೊಳಗೇ ಬರುತ್ತದೆ. ನವಿಲು ಮೊದಲನೆಯ ಅನುಸೂಚಿಯ ಪಕ್ಷಿಯಾದ್ದರಿಂದ 3ರಿಂದ 7 ವರ್ಷ ಸೆರೆ. ಹಿಂದೆ ಪರವಾನೆಯ ಬೇಟೆಯಿದ್ದಾಗಲೂ, ನೀರುಹಕ್ಕಿಗಳಂಥ ಕೆಲವನ್ನು ಬಿಟ್ಟರೆ, ಪ್ರಾಣಿಗಳು ನೀರು ಕುಡಿಯುವ, ಉಪ್ಪುಮಣ್ಣು ನೆಕ್ಕುವ ತಾಣಗಳಲ್ಲಿ ಬೇಟೆಯಾಡುವಂತಿರಲಿಲ್ಲ. ಬಾಯಾರಿ ಬಂದುದನ್ನು ಕೊಲ್ಲುವುದು ಯಾವ ಶೌರ್ಯ? 1991ರ ತಿದ್ದುಪಡಿ ಆ ಪರವಾನೆಯನ್ನೇ ತೆಗೆದುಹಾಕಿತು.

ಅಮೆರಿಕದಲ್ಲಿ ಕಾಳು ಚೆಲ್ಲಿದ ಜಾಗದಲ್ಲಿ ವಲಸೆಹಕ್ಕಿಗಳ ಬೇಟೆ, ಕಾಳೆಲ್ಲ ಬಳಿದು ತೆಗೆದ ಮೇಲೂ 10 ದಿನ ನಿಷಿದ್ಧ. ಕಾಳು ಹೋದರೂ ಹಕ್ಕಿಯ ರೂಢಿ ಹೋಗದಷ್ಟೆ.

ಉದ್ದೇಶ ಶುದ್ಧವಾಗಿದ್ದರೆ ಸಾಕಲ್ಲವೆ ಎಂದು ನೀವು ಕೇಳಬಹುದು. ಸಾಲದು. 1960ರಲ್ಲಿ ಇಂಗ್ಲೆಂಡಿನಲ್ಲಿ ನವಿಲಿನ ಕುಲಬಂಧುವಾದ ಟರ್ಕಿಕೋಳಿಗಳು ಲಕ್ಷಕ್ಕೂ ಮಿಕ್ಕಿ ಸತ್ತವು. ಕಾರಣ, ಬೂಷ್ಟು ಹಿಡಿದ ಶೇಂಗಾಹಿಂಡಿ. ಅಫ್ಲಾಟಾಕ್ಸಿನ್ ಎಂಬ ನಂಜು ಪತ್ತೆಯಾದದ್ದೇ ಆಗ. ನಮ್ಮ ಕಣಜದಲ್ಲಿ ಮುಗ್ಗಿದ ಶೇಂಗಾ, ಗೋವಿನಜೋಳಗಳಲ್ಲೂ ಅದು ಹುಟ್ಟಬಲ್ಲದು. ಮನೆಗೆ ಬೇಡವಾದುದನ್ನು, ಔಷಧಿ ಸವರಿದ ಬಿತ್ತನೆಬೀಜದ ಉಳಿಕೆಯನ್ನು ನವಿಲಿಗೆ ಸುರಿಯುವವರುಂಟು. ಅದನ್ನು ದಾನವೆನ್ನಲು ನನಗೆ ನಾಲಿಗೆ ಬಾರದು. ಹಾಕಲೇಬೇಕೆಂದರೆ ಶುದ್ಧವಾದ ಹಿಡಿಕಾಳು, ದಿನವೂ ಒಂದೇ ಕಡೆ ಬೇಡ. ಬೇಸಗೆಯಲ್ಲಾದರೆ ಕಾಳಿಗಿಂತ ಒಂದು ಬೋಗುಣಿ ನೀರು ಮೇಲು.