ಹೆಂಡತಿ, ಮಗು ಇಬ್ಬರನ್ನೂ ಕಳೆದುಕೊಂಡವರು ಬರೆದ ಹಾಡು ಇವತ್ತಿಗೂ ಯಾಕೆ ಧೈರ್ಯ ಕೊಡುತ್ತೆ? ಗಾಸ್ಪೆಲ್ ಸಂಗೀತದ ಕಥೆ ಇಲ್ಲಿದೆ

ಬೆಳಿಗ್ಗೆ ಎಂಟು ಗಂಟೆ ಹೊತ್ತಿಗೆ ಯಾವುದೇ ತಾಲ್ಲೂಕು ಕೇಂದ್ರದ ಪೇಟೆ ಬೀದಿಯಲ್ಲಿ ಒಂದು ಸುತ್ತು ಹಾಕಿ ನೋಡಿ. ಶಟರ್ ಎತ್ತಿ, ಕಸ ಗುಡಿಸಿ, ಮುಂದೆ ಒಂದಿಷ್ಟು ನೀರು ಚಿಮುಕಿಸಿದ ಮೇಲೆ ಅಂಗಡಿಯವರು ಮಾಡುವ ಮೊದಲ ಕೆಲಸ ಒಂದು ಭಕ್ತಿಗೀತೆ ಹಾಕುವುದು. ಕಿರಾಣಿ ಅಂಗಡಿಯಲ್ಲಿ ಸುಪ್ರಭಾತ, ಪಕ್ಕದ ಹೋಟೆಲ್‌ನಲ್ಲಿ ದಾಸರ ಪದ, ಆಚೆ ಬದಿಯ ಟೈಲರ್ ಅಂಗಡಿಯಲ್ಲಿ ಯೇಸುವಿನ ಹಾಡು. ಬೋಣಿ ಆಗುವ ಮುಂಚೆ ಮನಸ್ಸಿಗೆ ಒಂದು ಹಿಡಿತ ಬೇಕು, ಅಷ್ಟೇ.

ಟೈಲರ್ ಅಂಗಡಿಯಲ್ಲಿ ಕೇಳಿಸುವ ಆ ಥರದ ಹಾಡುಗಳಿಗೆ ಈಗ ಎಲ್ಲರೂ 'ಗಾಸ್ಪೆಲ್ ಸಾಂಗ್' ಅಂತಾರೆ. ಯೂಟ್ಯೂಬ್‌ನಲ್ಲಿ ಹುಡುಕಿದರೆ ಸಾವಿರಾರು ಸಿಗುತ್ತವೆ. ಆದರೆ ಈ ಗಾಸ್ಪೆಲ್ ಅನ್ನೋದು ಎಲ್ಲಿಂದ ಬಂತು? ಭಾನುವಾರ ಚರ್ಚ್‌ನಲ್ಲಿ ಹಾಡಿ ಬಂದರೆ ಸಾಲದೇ? ಸೋಮವಾರ ಬೆಳಿಗ್ಗೆ ಸಾಲದ ಕಂತು ಕಟ್ಟಬೇಕಾದವನಿಗೆ ಒಂದು ಹಾಡಿನಿಂದ ಏನಾಗುತ್ತೆ? ಇದನ್ನು ತಿಳಿಯೋಕೆ ಒಬ್ಬ ಸಂಗೀತಗಾರನ ಬದುಕು, ಒಂದೇ ಒಂದು ಹಾಡು ಸಾಕು.

ಗಾಸ್ಪೆಲ್ ಅಂದರೇನು?

ಗಾಸ್ಪೆಲ್ ಅಂದರೆ ಸುವಾರ್ತೆ, ಅಂದರೆ ಒಳ್ಳೆಯ ಸುದ್ದಿ. ಯೇಸುವಿನ ಬದುಕು ಮತ್ತು ಬೋಧನೆಯನ್ನು ಹೇಳುವ ಬೈಬಲ್‌ನ ನಾಲ್ಕು ಪುಸ್ತಕಗಳಿಗೆ ಇದೇ ಹೆಸರು. ಇವತ್ತು ನಮ್ಮಲ್ಲಿ ಯಾವುದೇ ಕ್ರೈಸ್ತ ಭಕ್ತಿಗೀತೆಗೆ ಗಾಸ್ಪೆಲ್ ಅನ್ನುತ್ತಾರೆ. ಆದರೆ ಆ ಹೆಸರಿನ ಸಂಗೀತ ಪ್ರಕಾರ ರೂಪ ಪಡೆದದ್ದು ಅಮೆರಿಕದ ಕಪ್ಪು ಜನರ ಚರ್ಚ್‌ಗಳಲ್ಲಿ.

ಅಲ್ಲಿ ಗುಲಾಮಗಿರಿ ಕಾನೂನು ಪ್ರಕಾರ ಕೊನೆಯಾದದ್ದು 1865ರಲ್ಲಿ. ಅದಕ್ಕೂ ಮುಂಚೆ ಹತ್ತಿ ಹೊಲಗಳಲ್ಲಿ ದುಡಿಯುತ್ತಿದ್ದವರು ಒಬ್ಬ ಹೇಳಿದ ಸಾಲಿಗೆ ಉಳಿದವರು ದನಿಗೂಡಿಸುತ್ತಾ ಹಾಡುತ್ತಿದ್ದರು. ನಮ್ಮ ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ಹಿಂದೆ ಹಾಡುತ್ತಾರಲ್ಲ, ಹೆಚ್ಚೂ ಕಡಿಮೆ ಅದೇ ಥರ. ಓದು ಬರದವರಿಗೂ ಹಾಡು ಬರುತ್ತಿತ್ತು, ಪುಸ್ತಕ ಬೇಕಿರಲಿಲ್ಲ. 20ನೇ ಶತಮಾನದ ಆರಂಭದಲ್ಲಿ ಲಕ್ಷಾಂತರ ಜನ ದಕ್ಷಿಣದ ಹಳ್ಳಿಗಳಿಂದ ಶಿಕಾಗೋದಂಥ ಉತ್ತರದ ನಗರಗಳಿಗೆ ಗುಳೆ ಹೊರಟರು. ಅವರ ಜೊತೆ ಆ ಹಾಡುಗಳೂ ಹೊರಟವು.

ಚರ್ಚ್ ಬಿಟ್ಟು ಬ್ಲೂಸ್ ಹಿಡಿದ ಹುಡುಗ

ಹಾಗೆ ಶಿಕಾಗೋ ಸೇರಿದವರಲ್ಲಿ ಒಬ್ಬರು ಥಾಮಸ್ ಡಾರ್ಸಿ. ಹುಟ್ಟಿದ್ದು 1899ರಲ್ಲಿ, ಜಾರ್ಜಿಯಾ ರಾಜ್ಯದಲ್ಲಿ. ಅಪ್ಪ ಪ್ರಸಂಗ ಮಾಡುವವರು, ಅಮ್ಮ ಚರ್ಚ್‌ನಲ್ಲಿ ಆರ್ಗನ್ ನುಡಿಸುವವರು. ಮಗ ಮಾತ್ರ ಪಿಯಾನೋ ಹಿಡಿದು ರಾತ್ರಿ ಮೋಜಿನ ಕೂಟಗಳ ಕಡೆ ಹೋದ. ಬ್ಲೂಸ್ ಅನ್ನುವ ದುಃಖದ, ತುಂಟತನದ ಸಂಗೀತದಲ್ಲಿ 'ಜಾರ್ಜಿಯಾ ಟಾಮ್' ಅಂತ ಹೆಸರು ಮಾಡಿದ. ಆ ಕಾಲದ ಪ್ರಸಿದ್ಧ ಗಾಯಕಿ ಮಾ ರೈನಿ ಜೊತೆ ನುಡಿಸಿದ. 1928ರಲ್ಲಿ ಟ್ಯಾಂಪಾ ರೆಡ್ ಜೊತೆ ಮಾಡಿದ ಒಂದು ರೆಕಾರ್ಡ್ ಭರ್ಜರಿ ಮಾರಾಟವಾಯಿತು.

ಆದರೆ ಮನಸ್ಸು ಸರಿ ಇರಲಿಲ್ಲ. 1920ರ ದಶಕದಲ್ಲಿ ಡಾರ್ಸಿ ಮಾನಸಿಕವಾಗಿ ಕುಸಿದುಬಿದ್ದಿದ್ದರು. ಬಹಳ ದಿನ ಕೆಲಸ ಮಾಡೋಕೂ ಆಗಲಿಲ್ಲ. ನಿಧಾನವಾಗಿ ಅವರು ಮತ್ತೆ ಚರ್ಚ್ ಕಡೆ ತಿರುಗಿ, ಭಕ್ತಿಗೀತೆ ಬರೆಯೋಕೆ ಶುರು ಮಾಡಿದರು. ಬ್ಲೂಸ್‌ನ ತಾಳ, ಬ್ಲೂಸ್‌ನ ನೋವು ಎರಡನ್ನೂ ದೇವರ ಹಾಡಿನೊಳಗೆ ತಂದರು.

ಚರ್ಚ್‌ನವರಿಗೆ ಇದು ಇಷ್ಟವಾಗಲಿಲ್ಲ. ಶಿಕಾಗೋದ ದೊಡ್ಡ ಚರ್ಚ್‌ಗಳಿಗೆ ಯೂರೋಪಿನ ಶಾಸ್ತ್ರೀಯ ಧಾಟಿಯ ಗಂಭೀರ ಹಾಡೇ ಬೇಕಿತ್ತು. ಚಪ್ಪಾಳೆ ತಟ್ಟಿ, ಮೈ ಮರೆತು ಹಾಡುವುದು ಅವರ ಕಣ್ಣಿಗೆ ಹಳ್ಳಿಗಾಡಿನ ನಡವಳಿಕೆ. ಸಾರಾಯಿ ಅಡ್ಡೆಯ ಸಂಗೀತ ದೇವರ ಮನೆಗೆ ಯಾಕೆ ಅಂತ ಕೇಳಿದವರೂ ಇದ್ದರು.

ಆ ಟೆಲಿಗ್ರಾಂ

1932ರ ಆಗಸ್ಟ್. ಹೆಂಡತಿ ನೆಟ್ಟಿ ತುಂಬು ಗರ್ಭಿಣಿ. ಸೇಂಟ್ ಲೂಯಿಸ್ ನಗರದ ಒಂದು ಚರ್ಚ್ ಸಭೆಯಲ್ಲಿ ಹಾಡಲು ಡಾರ್ಸಿ ಒಪ್ಪಿಕೊಂಡಿದ್ದರು. ಮನಸ್ಸಿಲ್ಲದ ಮನಸ್ಸಿನಿಂದ ಹೋದರು. ಸಭೆ ನಡೆಯುತ್ತಿದ್ದಾಗಲೇ ಟೆಲಿಗ್ರಾಂ ಬಂತು: ಹೆರಿಗೆಯಲ್ಲಿ ನೆಟ್ಟಿ ತೀರಿಕೊಂಡಿದ್ದಾರೆ. ಊರಿಗೆ ಓಡಿ ಬಂದರು. ಮಗು ಬದುಕಿತ್ತು, ಗಂಡು ಮಗು. ಒಂದು ದಿನ ಕಳೆಯುವುದರೊಳಗೆ ಅದೂ ಹೋಯಿತು. ತಾಯಿ ಮಗು ಇಬ್ಬರನ್ನೂ ಒಂದೇ ಪೆಟ್ಟಿಗೆಯಲ್ಲಿ ಮಲಗಿಸಿ ಮಣ್ಣು ಮಾಡಿದರು.

ದೇವರು ತನಗೆ ಅನ್ಯಾಯ ಮಾಡಿದ ಅಂತಲೇ ಡಾರ್ಸಿಗೆ ಅನ್ನಿಸಿತು. ಭಕ್ತಿಗೀತೆ ಸಾಕು, ಮತ್ತೆ ಬ್ಲೂಸ್‌ಗೆ ಹೋಗಿಬಿಡೋಣ ಅಂದುಕೊಂಡರು. ಕೆಲವು ದಿನಗಳ ನಂತರ ಗೆಳೆಯ ಥಿಯೊಡೋರ್ ಫ್ರೈ ಅವರನ್ನು ಒಂದು ಸಂಗೀತ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಪಿಯಾನೋ ಇತ್ತು. ಡಾರ್ಸಿ ಸುಮ್ಮನೆ ಕೂತು ಬೆರಳಾಡಿಸಿದರು. 19ನೇ ಶತಮಾನದ ಒಂದು ಹಳೆಯ ಚರ್ಚ್ ಹಾಡಿನ ಧಾಟಿ ಬಂತು, ಅದರ ಮೇಲೆ ಹೊಸ ಮಾತುಗಳು ಬಂದವು. ಆ ಹಾಡೇ 'ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್'. ಅಮೂಲ್ಯನಾದ ಕರ್ತನೇ, ನನ್ನ ಕೈ ಹಿಡಿ ಅಂತ ಅರ್ಥ.

ಹಾಡಿನಲ್ಲಿ ಏನಿದೆ, ಏನಿಲ್ಲ?

ಈ ಹಾಡಿನ ಗುಟ್ಟು ಅದು ಏನು ಕೇಳುವುದಿಲ್ಲ ಅನ್ನುವುದರಲ್ಲಿದೆ. ಸತ್ತವರನ್ನು ವಾಪಸ್ ಕೊಡು ಅಂತ ಕೇಳುವುದಿಲ್ಲ. ಕಷ್ಟ ನಾಳೆಗೇ ತೀರಲಿ, ಹಣ ಬರಲಿ, ವ್ಯಾಪಾರ ಕುದುರಲಿ ಅನ್ನುವುದಿಲ್ಲ. 'ನಾನು ಸಂತೋಷವಾಗಿದ್ದೇನೆ' ಅಂತ ಸುಳ್ಳೂ ಹೇಳುವುದಿಲ್ಲ. ಹಾಡುವವರು ತಮ್ಮ ಸುಸ್ತನ್ನು ಮುಚ್ಚಿಡದೆ ಒಪ್ಪಿಕೊಂಡು, ಕೈ ಹಿಡಿದು ಮನೆ ತನಕ ನಡೆಸು ಅಂತ ಮಾತ್ರ ಕೇಳುತ್ತಾರೆ.

ಕ್ರೈಸ್ತ ವಿಶ್ವಾಸದಲ್ಲಿ ಇದು ಹೊಸದೇನಲ್ಲ. ಕನ್ನಡ ಬೈಬಲ್‌ನ 'ಕೀರ್ತನೆಗಳು' ಪುಸ್ತಕ ತೆಗೆದು ನೋಡಿ. ಒಟ್ಟು 150 ಕೀರ್ತನೆಗಳು. ಅದರಲ್ಲಿ ಸುಮಾರು ಮೂರನೇ ಒಂದು ಭಾಗ ದುಃಖದ ಮೊರೆ. 13ನೇ ಕೀರ್ತನೆ ಶುರುವಾಗೋದೇ ಇನ್ನೆಷ್ಟು ದಿನ ನನ್ನನ್ನು ಮರೆತಿರುತ್ತೀ ಅಂತ ದೇವರನ್ನು ಕೇಳುವುದರಿಂದ. 88ನೆಯದು ಕತ್ತಲಲ್ಲೇ ಮುಗಿಯುತ್ತೆ, ಕೊನೆಗೆ ಸಮಾಧಾನದ ಮಾತೇ ಇಲ್ಲ. ಆದರೂ ಅದನ್ನು ಧರ್ಮಗ್ರಂಥದಿಂದ ಯಾರೂ ತೆಗೆದುಹಾಕಲಿಲ್ಲ. ಅಳುವವರ ಮೊರೆಯನ್ನೂ ಪ್ರಾರ್ಥನೆ ಅಂತಲೇ ಲೆಕ್ಕ ಹಿಡಿದರು.

ಪೌಲ, ಸೀಲರು ಫಿಲಿಪ್ಪಿ ಊರಿನ ಸೆರೆಮನೆಯಲ್ಲಿ ನಡುರಾತ್ರಿ ಹಾಡಿದರು ಅನ್ನುತ್ತೆ ಬೈಬಲ್. ಆಗ ಅವರ ಕಾಲು ಕೋಳದಲ್ಲಿತ್ತು. ಬಿಡುಗಡೆ ಆದ ಮೇಲೆ ಹಾಡಿದ್ದಲ್ಲ, ಆಗುವ ಮುಂಚೆ ಹಾಡಿದ್ದು. ಗಾಸ್ಪೆಲ್ ಹಾಡು ಕೊಡುವ ಧೈರ್ಯ ಅಂದರೆ ಇದೇ: ಪರಿಸ್ಥಿತಿ ಬದಲಾಗುವ ತನಕ ಕಾಯದೆ, ಇವತ್ತಿನ ಹೆಜ್ಜೆ ಇಡೋಕೆ ಬೇಕಾದಷ್ಟು ಬಲ.

ಹಾಡನ್ನೂ ಮಾರಬೇಕಿತ್ತು

ಅಂಗಡಿಕಾರರಿಗೆ ಈ ಕಥೆಯಲ್ಲಿ ಇನ್ನೊಂದು ಭಾಗ ಹತ್ತಿರ ಅನ್ನಿಸಬಹುದು. ಆಗ ಹಾಡು ಹರಡಬೇಕಾದರೆ ಕಾಗದದ ಮೇಲೆ ಅಚ್ಚು ಹಾಕಿಸಿ ಮಾರಬೇಕಿತ್ತು. ಡಾರ್ಸಿ ಮೊದಮೊದಲು ಸಾಲ ಮಾಡಿ ಪ್ರತಿಗಳನ್ನು ಚರ್ಚ್‌ಗಳಿಗೆ ಅಂಚೆಯಲ್ಲಿ ಕಳಿಸಿದರು. ಬಹಳ ಕಾಲ ಒಂದು ಆರ್ಡರ್ ಕೂಡ ಬರಲಿಲ್ಲ. 1930ರಲ್ಲಿ ಶಿಕಾಗೋದಲ್ಲಿ ನಡೆದ ಬ್ಯಾಪ್ಟಿಸ್ಟ್ ಮಹಾಸಭೆಯಲ್ಲಿ ಅವರ ಹಾಡನ್ನು ಒಬ್ಬ ಗಾಯಕಿ ಹಾಡಿದ ಮೇಲೆ ಸಾವಿರಾರು ಪ್ರತಿ ಖರ್ಚಾದವು. ಆದರೂ ಡಾರ್ಸಿಗೆ ಲೆಕ್ಕಪತ್ರ ಸರಿಯಾಗಿ ಬರುತ್ತಿರಲಿಲ್ಲ. ಗಾಯಕಿ ಸ್ಯಾಲಿ ಮಾರ್ಟಿನ್ ಬಂದು ಅದನ್ನು ಒಂದು ಹದಕ್ಕೆ ತಂದರು. ಮುಂದೆ ಅವರೇ ಪಾಲುದಾರರ ಜೊತೆ ಸ್ವಂತ ಪ್ರಕಾಶನ ಸಂಸ್ಥೆ ತೆರೆದರು.

ಈ ಹಾಡನ್ನು ಜಗತ್ತಿಗೆ ಮುಟ್ಟಿಸಿದ ಮಹೇಲಿಯಾ ಜಾಕ್ಸನ್ ಕೂಡ ದುಡಿದು ಬಂದವರೇ. 1911ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿ, ಹದಿಹರೆಯದಲ್ಲೇ ಶಿಕಾಗೋಗೆ ಬಂದು ಬಟ್ಟೆ ಒಗೆದರು, ಮನೆಗೆಲಸ ಮಾಡಿದರು. ಆಮೇಲೆ ಬ್ಯೂಟಿ ಪಾರ್ಲರ್ ತೆರೆದರು, ಹೂವಿನ ಅಂಗಡಿಯನ್ನೂ ಇಟ್ಟರು. ಡಾರ್ಸಿ ಜೊತೆ ಊರೂರು ಸುತ್ತಿ ಹಾಡು ಹಾಡಿ, ಹಾಡಿನ ಹಾಳೆ ಮಾರಿದರು. ನೈಟ್‌ಕ್ಲಬ್‌ನಲ್ಲಿ ಹಾಡೋಕೆ ಕರೆದರೂ ಹೋಗಲಿಲ್ಲ. 1971ರಲ್ಲಿ ಭಾರತಕ್ಕೂ ಬಂದು ಹಾಡಿದ್ದರು.

ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಡಾರ್ಸಿಯ ಈ ಹಾಡು ಅಂದರೆ ಪ್ರಾಣ. 1968ರ ಏಪ್ರಿಲ್ 4ರ ಸಂಜೆ ಮೆಂಫಿಸ್‌ನ ಮೋಟೆಲ್ ಬಾಲ್ಕನಿಯಲ್ಲಿ ನಿಂತು, ಇವತ್ತಿನ ಸಭೆಯಲ್ಲಿ ಇದನ್ನು ಚೆನ್ನಾಗಿ ನುಡಿಸಬೇಕು ಅಂತ ಸಂಗೀತಗಾರ ಬೆನ್ ಬ್ರಾಂಚ್‌ಗೆ ಹೇಳಿದ್ದರು. ಸ್ವಲ್ಪ ಹೊತ್ತಿಗೇ ಗುಂಡು ಬಿತ್ತು. ಅವರ ಅಂತ್ಯಕ್ರಿಯೆಯಲ್ಲಿ ಅದನ್ನು ಹಾಡಿದವರು ಮಹೇಲಿಯಾ.

ನಮ್ಮ ನೆಲದ ಧಾಟಿ

ಜನರ ಧಾಟಿಯಲ್ಲೇ ದೇವರ ಹಾಡು ಇರಬೇಕು ಅನ್ನುವ ಮಾತು ಕರ್ನಾಟಕಕ್ಕೂ ಹೊಸದಲ್ಲ. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಜೊತೆ ಜರ್ಮನ್ ಚರ್ಚ್ ಹಾಡುಗಳ ಧಾಟಿಯೂ ಬಂತು. ಕನ್ನಡ ನಿಘಂಟಿನಿಂದ ನಮಗೆಲ್ಲ ಗೊತ್ತಿರುವ ಫರ್ಡಿನಾಂಡ್ ಕಿಟ್ಟೆಲ್ ಅಷ್ಟಕ್ಕೇ ನಿಲ್ಲಲಿಲ್ಲ. ನಿಘಂಟು ಹೊರಬಂದದ್ದು 1894ರಲ್ಲಿ. ಅದಕ್ಕೂ ಮೂರು ದಶಕ ಮುಂಚೆ, 1862ರಲ್ಲಿ, ಯೇಸುವಿನ ಕಥೆಯನ್ನು ಕನ್ನಡ ಕಾವ್ಯದ ರೀತಿಯಲ್ಲಿ 'ಕಥಾಮಾಲೆ' ಅಂತ ಪ್ರಕಟಿಸಿದ್ದರು. ಕಥೋಲಿಕ ಚರ್ಚ್‌ಗಳಲ್ಲಿ ಬಲಿಪೂಜೆ ಲ್ಯಾಟಿನ್ ಬಿಟ್ಟು ಕನ್ನಡ, ಕೊಂಕಣಿಗೆ ಬಂದದ್ದು 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ. ಇವತ್ತು ಹಾರ್ಮೋನಿಯಂ, ತಬಲಾ ಇಟ್ಟುಕೊಂಡು ಹಾಡುವ ಚರ್ಚ್‌ಗಳೂ ಇವೆ, ಕೀಬೋರ್ಡ್, ಗಿಟಾರ್ ಇಟ್ಟವರೂ ಇದ್ದಾರೆ.

ದಿನದ ಬದುಕಿಗೆ ಹೇಗೆ?

ವಿಶ್ವಾಸಿಗಳಿಗೆ ಉಪಯೋಗ ಆಗುವ ನಾಲ್ಕು ಮಾತು.

ಒಂದು, ಕೇಳುವುದರ ಜೊತೆ ಹಾಡಿ. ಗಾಸ್ಪೆಲ್ ಹುಟ್ಟಿದ್ದೇ ಕೂಡಿ ಹಾಡುವುದರಿಂದ. ದನಿ ಚೆನ್ನಾಗಿಲ್ಲ ಅಂತ ನಾಚಬೇಡಿ. ಸಂಜೆ ಮನೆ ಪ್ರಾರ್ಥನೆಯಲ್ಲಿ ಒಬ್ಬರು ಹೇಳಿಕೊಟ್ಟರೆ ಮಕ್ಕಳು, ಅಜ್ಜ ಅಜ್ಜಿ ಎಲ್ಲರೂ ಸೇರಬಹುದು.

ಎರಡು, ದಿನಕ್ಕೊಂದು ಹೊಸ ಹಾಡು ಹುಡುಕುವ ಬದಲು ವಾರಕ್ಕೊಂದನ್ನು ಬಾಯಿಪಾಠ ಮಾಡಿ. ಆಸ್ಪತ್ರೆ ಕಾರಿಡಾರ್‌ನಲ್ಲಿ ಕೂತಾಗ ಮೊಬೈಲ್ ಚಾರ್ಜ್ ಇರಲಿ ಬಿಡಲಿ, ಬಾಯಲ್ಲಿ ಇರುವ ಹಾಡು ಜೊತೆಗಿರುತ್ತೆ.

ಮೂರು, ಸಾವಿನ ಮನೆಗೆ ಹೋದಾಗ ಕುಣಿಯುವ ಹಾಡು ಬೇಡ. ಅಳುವವರಿಗೆ ಅಳೋಕೆ ಬಿಡುವ ಹಾಡನ್ನು ಆರಿಸಿಕೊಳ್ಳಿ. ಅಂಗಡಿಯಲ್ಲಿ ಹಾಕುವಾಗಲೂ ಗಿರಾಕಿಯ ಮಾತು ಕೇಳಿಸುವಷ್ಟು ದನಿ ಸಾಕು. ಬರುವವರು ಎಲ್ಲ ಧರ್ಮದವರು ಇರುತ್ತಾರೆ.

ನಾಲ್ಕು, ಹಾಡು ಔಷಧಿ ಅಲ್ಲ. ನಿದ್ದೆ ಬರದೆ, ಊಟ ಸೇರದೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಪ್ರಾರ್ಥನೆ ಜೊತೆಗೆ ವೈದ್ಯರನ್ನೂ ಕಾಣಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಡಾರ್ಸಿಯಂಥವರೂ ಕುಸಿದಿದ್ದರು, ಅದರಲ್ಲಿ ನಾಚಿಕೆ ಏನಿಲ್ಲ.

ಡಾರ್ಸಿ 1993ರ ತನಕ ಬದುಕಿದರು, 93 ವರ್ಷ. ಶಿಕಾಗೋದ ಪಿಲ್ಗ್ರಿಮ್ ಬ್ಯಾಪ್ಟಿಸ್ಟ್ ಚರ್ಚ್‌ನಲ್ಲಿ ದಶಕಗಳ ಕಾಲ ಗಾಯಕ ವೃಂದ ನಡೆಸಿದರು. ಯಾವ ಹಾಡನ್ನು ಚರ್ಚ್‌ನವರು ಬಾಗಿಲಲ್ಲೇ ತಡೆದಿದ್ದರೋ ಅದೇ ಇವತ್ತು ಲೋಕದ ಚರ್ಚ್‌ಗಳ ಒಳಗಿದೆ. ಆದರೆ ಕಳೆದುಹೋದ ಹೆಂಡತಿ, ಮಗು ವಾಪಸ್ ಬರಲಿಲ್ಲ. ಹಾಡು ಆ ಗಾಯವನ್ನು ಮುಚ್ಚಲಿಲ್ಲ, ಗಾಯ ಇಟ್ಟುಕೊಂಡೇ ಮುಂದೆ ನಡೆಯೋಕೆ ಒಂದು ಕೈ ಕೊಟ್ಟಿತು. ನಾಳೆ ಬೆಳಿಗ್ಗೆ ಶಟರ್ ಎತ್ತುವಾಗ ಪಕ್ಕದ ಅಂಗಡಿಯಿಂದ ಅಂಥದ್ದೊಂದು ಹಾಡು ಕೇಳಿಸಿದರೆ, ಅದರ ಹಿಂದೆ ಯಾರದ್ದೋ ಇಂಥ ಒಂದು ರಾತ್ರಿ ಇದ್ದಿರಬಹುದು ಅಂತ ನೆನಪಿರಲಿ.