ಋತುಬಂಧದ ಹಾರ್ಮೋನ್ ಚಿಕಿತ್ಸೆ ಮತ್ತು ಸ್ತನದ ಆರೋಗ್ಯ: ಗ್ರಾಮ ಪಂಚಾಯಿತಿ ಸದಸ್ಯರ ತಿಳಿವಳಿಕೆಗಾಗಿ

ಸತತ ಹನ್ನೆರಡು ತಿಂಗಳು ಮುಟ್ಟು ಬಾರದಿದ್ದರೆ ಅದನ್ನು ಋತುಬಂಧವೆನ್ನಲಾಗುತ್ತದೆ. ನಮ್ಮ ದೇಶದಲ್ಲಿ ಇದು ಸರಾಸರಿ 46–47ನೇ ವಯಸ್ಸಿನಲ್ಲಿ ಬರುತ್ತದೆ. ಅಂಡಾಶಯಗಳಲ್ಲಿ ಈಸ್ಟ್ರೋಜನ್ ಉತ್ಪತ್ತಿ ಕುಗ್ಗಿ, ಮೈ ಬಿಸಿಯೇರುವುದು, ರಾತ್ರಿ ಬೆವರುವುದು, ನಿದ್ರೆಗೆಡುವುದು ಕಾಣಿಸಿಕೊಳ್ಳುತ್ತವೆ. ಈ ತೊಂದರೆ ತೀವ್ರವಾಗಿರುವವರಿಗೆ ಹಾರ್ಮೋನ್ ಮರುಪೂರಣ ಚಿಕಿತ್ಸೆಯು ಅತ್ಯಂತ ಪರಿಣಾಮಕಾರಿ. ಆದರೆ ಅದರಿಂದ ಸ್ತನ ಕ್ಯಾನ್ಸರ್ ಬಂದೇ ಬರುತ್ತದೆಂಬ ಭಯವೂ, ಏನೂ ಆಗದೆಂಬ ಉದಾಸೀನವೂ ಒಟ್ಟಿಗೇ ಪ್ರಚಲಿತದಲ್ಲಿವೆ.

ಭಯಕ್ಕೆ ಮೂಲ, ಅಮೆರಿಕದಲ್ಲಿ 2002ರಲ್ಲಿ ಅರ್ಧದಲ್ಲೇ ನಿಲ್ಲಿಸಲಾದ ದೊಡ್ಡ ಅಧ್ಯಯನ. ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ ಸೇವಿಸಿದವರಲ್ಲಿ, ವರ್ಷಕ್ಕೆ 10,000 ಮಹಿಳೆಯರಿಗೆ ಸುಮಾರು 8 ಹೆಚ್ಚುವರಿ ಸ್ತನ ಕ್ಯಾನ್ಸರ್ ಪ್ರಕರಣಗಳು ಕಂಡುಬಂದವು. ಅಪಾಯ ನಿಜ, ಆದರೆ ಪ್ರಮಾಣ ಚಿಕ್ಕದು. ಸೇವನೆಯ ಅವಧಿ ಬೆಳೆದಂತೆ ಏರುತ್ತದೆ. ಗರ್ಭಕೋಶ ತೆಗೆಸಿಕೊಂಡು ಈಸ್ಟ್ರೋಜನ್ ಮಾತ್ರ ಪಡೆದವರಲ್ಲಿ ಆ ಅಧ್ಯಯನವು ಇಂಥ ಏರಿಕೆಯನ್ನು ಕಾಣಲಿಲ್ಲ. ಗರ್ಭಕೋಶ ಇರುವವರಿಗೆ ಮಾತ್ರ ಪ್ರೊಜೆಸ್ಟಿನ್ ಕೂಡ ಅಗತ್ಯ. ಇಲ್ಲವಾದರೆ ಗರ್ಭಕೋಶದ ಒಳಪದರದಲ್ಲಿ ಕ್ಯಾನ್ಸರ್ ಆಗುವ ಸಂಭವವಿದೆ. ಆದ್ದರಿಂದ ನೆರೆಮನೆಯವರ ಮಾತ್ರೆಯನ್ನು ಔಷಧದಂಗಡಿಯಲ್ಲಿ ತೋರಿಸಿ ಕೊಳ್ಳುವುದು ಸರ್ವಥಾ ಸಲ್ಲದು.

ಕಲಬುರಗಿ, ಹಾವೇರಿ ಜಿಲ್ಲೆಗಳಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆದ ದೂರುಗಳು ರಾಜ್ಯಕ್ಕೇ ತಿಳಿದಿವೆ. ಅಂಡಾಶಯಗಳನ್ನೂ ತೆಗೆದಿದ್ದರೆ ಋತುಬಂಧ ಕೂಡಲೇ ಬರುತ್ತದೆ. 45 ದಾಟದವರಿಗೆ ಮೂಳೆ, ಹೃದಯಗಳ ರಕ್ಷಣೆಗಾಗಿಯೇ ವೈದ್ಯರು ಸಾಮಾನ್ಯವಾಗಿ ಈ ಚಿಕಿತ್ಸೆ ಸೂಚಿಸುತ್ತಾರೆ. ಭಯದಿಂದ ಅದನ್ನು ಬಿಡಿಸಬಾರದು. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ.

ಚಿಕಿತ್ಸೆಗೆ ಮೊದಲು ಸ್ತನ ತಪಾಸಣೆ ಆಗಬೇಕು. 30 ವರ್ಷ ಮೀರಿದ ಮಹಿಳೆಯರಿಗೆ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಇದು ಉಚಿತ. ಕಣಕುಂಬಿ, ಜಾಂಬೋಟಿ ಭಾಗದ ಮಹಿಳೆಗೆ ಖಾನಾಪುರಕ್ಕೆ, ಅಲ್ಲಿಂದ ಬೆಳಗಾವಿಯ ಬಿಮ್ಸ್ ಆಸ್ಪತ್ರೆಗೆ ಹೋಗುವುದೆಂದರೆ ಒಂದು ದಿನದ ಕೂಲಿ ಹೋದಂತೆ. ನೋವಿಲ್ಲದ ಗಂಟನ್ನು ಆಕೆ ಮುಂದೂಡುವುದು ಇದೇ ಕಾರಣಕ್ಕೆ. ಆದರೆ ಕ್ಯಾನ್ಸರಿನ ಗಂಟು ಆರಂಭದಲ್ಲಿ ಬಹುಮಟ್ಟಿಗೆ ನೋಯುವುದೇ ಇಲ್ಲ. ಚರ್ಮ ಕುಳಿಬೀಳುವುದು, ತೊಟ್ಟು ಒಳಸರಿಯುವುದು, ತೊಟ್ಟಿನಿಂದ ರಕ್ತ ಒಸರುವುದು ಸಹ ತಡಮಾಡದೆ ತೋರಿಸಬೇಕಾದ ಲಕ್ಷಣಗಳು.

ಸದಸ್ಯರು ಮಹಿಳಾ ಗ್ರಾಮಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ, ಆಶಾ ಕಾರ್ಯಕರ್ತೆಯರು ಮಹಿಳೆಯರ ಮನೆಮಾತಿನಲ್ಲಿಯೇ ವಿವರಿಸುವಂತೆ ನೋಡಿಕೊಳ್ಳತಕ್ಕದ್ದು. ತಪಾಸಣೆಯ ದಿನವನ್ನು ಪಂಚಾಯಿತಿ ಫಲಕದಲ್ಲಿ ಒಂದು ವಾರ ಮುಂಚಿತವಾಗಿ ಪ್ರಕಟಿಸುವುದು.